ಮುಚ್ಚಳ ನನ್ನಲ್ಲಿ, ಪಾತ್ರೆ ನಿನ್ನಲ್ಲಿ

ಸಂಗೀತದ ಮೇಷ್ಟ್ರು ಬಾಗಿಲು ತಟ್ಟಿದ ಹೊತ್ತಿಗೆ ಜರಡಿ ಅತ್ತೆ ಕೈಯಲ್ಲೊಂದು ದೊಡ್ಡ ಮುಚ್ಚಳ ಹಿಡಿದುಕೊಂಡು ನಾದಿನಿಗೆ ಮನಸ್ಸಿನಲ್ಲೇ ಸಹಸ್ರನಾಮ ಓದುತ್ತಿದ್ದಳು. ನಾಲ್ಕು ದಿನದ ಮೋಡ ಸರಿದು ಅಂದೇ ಬಿಸಿಲು ಬಿದ್ದಿತ್ತು. ಎರಡು ದಪ್ಪ ಹೊದಿಕೆಗಳನ್ನು ಕುದಿಯುವ ನೀರಿನಲ್ಲಿ ನೆನೆಹಾಕಬೇಕಿತ್ತು. ಅಷ್ಟು ದೊಡ್ಡ ಪಾತ್ರೆ ಮನೆಯಲ್ಲಿದ್ದದ್ದು ಒಂದೇ. ಅದನ್ನು ನಾದಿನಿ ತನ್ನ ಹೊಲಿಗೆ ಅಂಗಡಿಯಲ್ಲಿ ಬಟ್ಟೆಗೆ ಬಣ್ಣ ಹಾಕಬೇಕೆಂದು "ಒಂದೇ ದಿನಕ್ಕೆ ಅತ್ತಿಗೆ" ಎಂದು ಒಯ್ದಿದ್ದಳು. ಬಣ್ಣಕ್ಕೆ ಮುಚ್ಚಳ ಬೇಡವೆಂದು ಮುಚ್ಚಳವನ್ನು ಬಿಟ್ಟು ಹೋಗಿದ್ದಳು. ಆ ಒಂದು ದಿನ ಮುಗಿಯದೆ ಮೂರು ವರ್ಷವಾಗಿತ್ತು.

ಜರಡಿ ಅತ್ತೆಗೆ ಆ ಹೆಸರು ಬಂದದ್ದು ಗುಡ್ಡದ ಕಲ್ಲುಗಣಿಯಿಂದ. ಮೂವತ್ತೊಂದು ವರ್ಷ ಅಲ್ಲಿ ಜಲ್ಲಿ ಜರಡಿ ಹಿಡಿದವಳು ಅವಳು. ಗಣಿ ಮುಚ್ಚಿ ಹನ್ನೆರಡು ವರ್ಷವಾದರೂ ಹೆಸರು ಮಾತ್ರ ಮುಚ್ಚಿರಲಿಲ್ಲ. ಯಾರು ಏನೇ ಹೇಳಿದರೂ ಅದನ್ನು ಒಂದು ಸಲ ಅಲುಗಿಸಿ, ಸಣ್ಣದನ್ನು ಕೆಳಗೆ ಬಿಟ್ಟು, ದಪ್ಪದ್ದನ್ನು ಹೇಳಿದವರ ಮುಖಕ್ಕೇ ವಾಪಸು ಎಸೆಯುವುದು ಅವಳ ಅಭ್ಯಾಸ.

ಮೇಷ್ಟ್ರು ಸಣಕಲು ಆಸಾಮಿ. ಹೆಗಲಿಗೊಂದು ಚೀಲ, ಕೈಯಲ್ಲಿ ಧ್ವನಿ ಹಿಡಿಯುವ ಪುಟ್ಟ ಯಂತ್ರ. ಊರಿನ ಗ್ರಂಥಾಲಯದ ಮಹಡಿಯಲ್ಲಿ ಮೂವತ್ತಾರು ಜನರ ಗಾಯನ ತಂಡ ನಡೆಸುತ್ತಿದ್ದರು. ಗಣಿಯ ಹಳ್ಳವನ್ನು ನಗರಸಭೆ ಬಯಲು ರಂಗಮಂದಿರ ಮಾಡಿತ್ತು. ಅದರ ಉದ್ಘಾಟನೆಗೆ ಗುಡ್ಡದ ಮೇಲೆ, ಅಲ್ಲಿ ದುಡಿದವರ ಪರಂಪರೆಯ ಮೇಲೆ ಒಂದು ಸಮೂಹಗಾನ ಕಟ್ಟಿಕೊಡಬೇಕೆಂದು ಮೇಷ್ಟ್ರಿಗೆ ವಹಿಸಿದ್ದರು.

"ಅಮ್ಮ, ನೀವು ಕ್ವಾರೀಲಿ ಕೆಲಸ ಮಾಡ್ತಾ ಹಾಡ್ತಿದ್ದ ಹಾಡು ಬೇಕಿತ್ತು."

"ಯಾವ ಹಾಡು?"

"ಯಾವುದಾದ್ರೂ ಸರಿ. ದುಡಿಯೋರು ಹಾಡೇ ಹಾಡ್ತಾರಲ್ಲ, ದಣಿವು ಮರೆಯೋಕೆ."

"ದಣಿವು ಮರೆಯೋಕೆ ನಾವು ಕೂತ್ಕೋತಿದ್ವಿ."

ಮೇಷ್ಟ್ರ ಮುಖ ಗಾಳಿ ಬಿಟ್ಟ ಚಕ್ರದ ಹಾಗಾಯಿತು. ಇದು ಹದಿನೈದನೆಯ ಮನೆಯಂತೆ. ಹದಿಮೂರು ಮನೆಗಳಲ್ಲಿ ಚಹಾ ಸಿಕ್ಕಿತ್ತು, ಹಾಡು ಸಿಕ್ಕಿರಲಿಲ್ಲ. ಒಂದು ಮನೆಯಲ್ಲಿ ಎರಡೂ ಇಲ್ಲ. ಅತ್ತೆ ಕೊಟ್ಟ ನೀರನ್ನು ಅವರು ಗುಟುಕು ಗುಟುಕಾಗಿ ಕುಡಿಯುತ್ತ ನೆಲ ನೋಡುತ್ತ ಕೂತ ಚಂದಕ್ಕೆ ಅವಳ ಕರುಳು ಚುರುಕ್ ಎಂದಿತು. ಬರಿಗೈಯಲ್ಲಿ ಕಳಿಸುವುದು ಹೇಗೆ? ಜೊತೆಗೆ ಸ್ವಲ್ಪ ತುಂಟತನವೂ ಇತ್ತೆನ್ನಿ.

"ಒಂದಿತ್ತು. ಪೂರ್ತಿ ನೆನಪಿಲ್ಲ" ಎಂದಳು.

ಯಂತ್ರದಲ್ಲಿ ಕೆಂಪು ದೀಪ ಹತ್ತಿತು. ಅತ್ತೆಯ ತಲೆಯಲ್ಲಿ ಆ ಹೊತ್ತು ಇದ್ದದ್ದು ಒಂದೇ ವಿಷಯ. ಅದಕ್ಕೇ ರಾಗ ಎಳೆದಳು.

"ಕೊಟ್ಟೆನಲ್ಲ, ಕೊಟ್ಟೆನಲ್ಲ, ಕೈಯಾರೆ ಕೊಟ್ಟೆನಲ್ಲ,
ಹೋದದ್ದು ಹೋಯಿತಲ್ಲ, ಹಿಂದಕ್ಕೆ ಬರಲಿಲ್ಲ,
ಮುಚ್ಚಳ ನನ್ನಲ್ಲಿ, ಪಾತ್ರೆ ನಿನ್ನಲ್ಲಿ."

ಮೇಷ್ಟ್ರು ಲೋಟ ಕೆಳಗಿಟ್ಟರು. ಇನ್ನೊಂದು ಸಲ ಹಾಡಿಸಿದರು, ಮತ್ತೊಂದು ಸಲ ಹಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಈ ಪಾತ್ರೆ ಅನ್ನೋದು..."

"ಪಾತ್ರೆ."

"ಅಂದ್ರೆ ಗುಡ್ಡ. ಮುಚ್ಚಳ ಅಂದ್ರೆ ಆಕಾಶ. ಗುಡ್ಡಾನ ಕೈಯಾರೆ ಒಡೆದು ಕೊಟ್ಟು, ಬರೀ ಆಕಾಶ ಇಟ್ಕೊಂಡು ನಿಂತ ಹೆಂಗಸರು. ಎಂಥಾ ಮಾತು ಅಮ್ಮ ಇದು."

ಅತ್ತೆ ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದಳು. ಇಷ್ಟು ದೊಡ್ಡದು ಎಂದು ಅವಳಿಗೇ ಗೊತ್ತಿರಲಿಲ್ಲ.

ಗಂಡ ಮನೆಗೆ ಬಂದಾಗ ವಿಷಯ ಹೇಳಿದಳು. ಗಣಿಯಲ್ಲಿ ಮದ್ದು ಸಿಡಿಸುತ್ತಿದ್ದವನು ಅವನು. ಬಂಡೆಯ ಜೊತೆ ಅವನ ಕಿವಿಯೂ ಅರ್ಧ ಸಿಡಿದು ಹೋಗಿತ್ತು.

"ಮೇಷ್ಟ್ರು ಬಂದಿದ್ರು ರೀ."

"ಮೇಸ್ತ್ರೀನಾ? ಗೋಡೆ ಬಿರುಕು ತೋರಿಸಿದ್ಯಾ?"

ಅವಳು ಅಷ್ಟಕ್ಕೇ ಕೈಬಿಟ್ಟಳು.

ಎರಡು ವಾರದ ಮೇಲೆ ಅಭ್ಯಾಸಕ್ಕೆ ಕರೆ ಬಂತು. ಗ್ರಂಥಾಲಯದ ಮಹಡಿಯಲ್ಲಿ ಮಡಿಚುವ ಕುರ್ಚಿಗಳು, ಮೂಲೆಯಲ್ಲಿ ಒಂದು ಕೀ ಅಂಟಿಕೊಂಡ ಹಾರ್ಮೋನಿಯಂ, ಗೋಡೆಯ ಮೇಲೆ "ಮೌನವಾಗಿರಿ" ಎಂಬ ಹಳೆಯ ಫಲಕ. ಅದರ ಕೆಳಗೆ ನಿಂತು ಮೂವತ್ತಾರು ಜನ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ಮೇಷ್ಟ್ರು ಅತ್ತೆಯನ್ನು "ಮೂಲ ಗಾಯಕಿ" ಎಂದು ಪರಿಚಯಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಅದೇ ಸಾಲಿನ ನಟ್ಟನಡುವೆ ನಾದಿನಿ ಇದ್ದಳು. ತಂಡದವರ ಅಂಗಿಗಳನ್ನೆಲ್ಲ ಹೊಲಿದುಕೊಟ್ಟವಳು ಅವಳೇ ಆದ್ದರಿಂದ ಆ ಜಾಗ ಅವಳದ್ದು ಎಂದು ತಾನಾಗಿಯೇ ಆಗಿಹೋಗಿತ್ತು.

ಹಾಡು ಶುರುವಾಯಿತು. "ಕೊಟ್ಟೆನಲ್ಲ" ಎನ್ನುವಾಗ ನಾದಿನಿ ಕಣ್ಣು ಮುಚ್ಚಿ ಭಾವ ತುಂಬಿ ಹಾಡಿದಳು. "ಹಿಂದಕ್ಕೆ ಬರಲಿಲ್ಲ" ಎನ್ನುವಾಗ ಒಂದು ಕಣ್ಣು ತೆರೆಯಿತು. "ಮುಚ್ಚಳ ನನ್ನಲ್ಲಿ" ಬಂದದ್ದೇ ತಡ, ಬಾಯಿ ನಿಂತುಹೋಗಿ, ಸೂಜಿಗೆ ದಾರ ಪೋಣಿಸುವಾಗ ನೋಡುವ ಹಾಗೆ ಅತ್ತಿಗೆಯನ್ನೇ ನೋಡತೊಡಗಿದಳು.

ಹಿಂದಿನ ಸಾಲಿನಿಂದ ಗುಮಾಸ್ತರು ಎದ್ದರು. ಗಣಿಯ ಗೇಟಿನಲ್ಲಿ ಲಾರಿ ತೂಕ ಬರೆಯುತ್ತಿದ್ದ ಮನುಷ್ಯ. ಊರಿನ ಹಳೆಯದೆಲ್ಲ ತಮ್ಮ ತಲೆಯಲ್ಲಿದೆ ಎಂಬ ನಂಬಿಕೆ ಅವರಿಗೆ ಗಟ್ಟಿಯಾಗಿತ್ತು.

"ಇದು ನಮ್ಮಜ್ಜಿ ಹಾಡ್ತಿದ್ದ ಹಾಡು. ಆದ್ರೆ ಅವರು 'ಕೊಟ್ಟೆನಲ್ಲ' ಅಂತಿರ್ಲಿಲ್ಲ, 'ಇತ್ತೆನಲ್ಲ' ಅಂತಿದ್ರು. ಈಗಿನವರ ಬಾಯಲ್ಲಿ ಕೆಟ್ಟಿದೆ."

"ನಿಮ್ಮಜ್ಜಿ ಹಾಡಿದ್ದು ನಿಮಗೆ ನೆನಪಿದೆಯಾ?" ಎಂದಳು ಅತ್ತೆ.

"ಕಣ್ಣಿಗೆ ಕಟ್ಟಿದ ಹಾಗಿದೆ."

ಅಭ್ಯಾಸ ಮುಗಿದ ಮೇಲೆ ಮೆಟ್ಟಿಲಿನಲ್ಲಿ ನಾದಿನಿ ಅಡ್ಡ ನಿಂತಳು.

"ಅತ್ತಿಗೆ, ಇದು ತುಂಬಾ ಹಳೇ ಹಾಡಾ?"

"ಹಳೇದೇ. ಮೂರು ವರ್ಷ ಆಯ್ತು."

"ಒಂದು ಪಾತ್ರೆಗೋಸ್ಕರ ಊರಿಗೆ ಊರೇ ಸೇರಿಸಿ ನನ್ನ ಮಾನ ಕಳೆದ್ರಲ್ಲ."

"ಅದು ಗುಡ್ಡ ಕಣೇ. ಬೇಕಿದ್ರೆ ಮೇಷ್ಟ್ರನ್ನ ಕೇಳು."

ನಾದಿನಿ ಸುಮ್ಮನೆ ಕೂರುವ ಪೈಕಿ ಅಲ್ಲ. ಮುಂದಿನ ವಾರ ಮೇಷ್ಟ್ರ ಬಳಿ ಹೋಗಿ, ತನ್ನ ತಾಯಿಯೂ ಗಣಿಯವಳೇ, ಆ ಹಾಡಿಗೆ ಎರಡನೆಯ ಚರಣ ಇದೆ, ರಾತ್ರಿ ಹಾಸಿಗೆಯಲ್ಲಿ ಥಟ್ಟನೆ ನೆನಪಾಯಿತು ಎಂದು ಹಾಡಿ ತೋರಿಸಿದಳು.

"ಕೊಟ್ಟೋಳ ದೊಡ್ಡ ಬಾಯಿ ಊರೆಲ್ಲ ಕೇಳಿತಲ್ಲ,
ತಳದಲ್ಲಿ ತೂತಿತ್ತು, ಅದನ್ಯಾಕೆ ಹೇಳಲಿಲ್ಲ,
ತೂತಿಗೆ ಬೆಸುಗೆ ನನ್ನದು, ಹೆಸರು ನಿನ್ನದು."

ಮೇಷ್ಟ್ರು ಕುರ್ಚಿಯಿಂದ ಎದ್ದುಬಿಟ್ಟರು. ತಳದ ತೂತು ಎಂದರೆ ಗಣಿಯ ತಳದಲ್ಲಿ ಒಸರುವ ನೀರಿನ ಸೆಲೆ, ಮತ್ತೇನು? ಸವಾಲು ಜವಾಬಿನ ಹಾಡು ಇದು. ತಂಡವನ್ನು ಎರಡು ಭಾಗ ಮಾಡಿ ಎದುರುಬದುರು ನಿಲ್ಲಿಸಿದರು. ಬಲಗಡೆಯ ಹದಿನೆಂಟು ಜನ ಅತ್ತೆಯ ಕಡೆ, ಎಡಗಡೆಯ ಹದಿನೆಂಟು ಜನ ನಾದಿನಿಯ ಕಡೆ. ಅತ್ತಿಗೆ ನಾದಿನಿಯರ ಜಗಳ ಹೀಗೆ ಮೂವತ್ತಾರು ಕಂಠಗಳಲ್ಲಿ, ತಾಳಬದ್ಧವಾಗಿ ನಡೆಯತೊಡಗಿತು.

ಮೂರನೆಯ ವಾರ ಅತ್ತೆಗೂ ಒಂದು ಚರಣ ನೆನಪಾಯಿತು. ನಾಲ್ಕನೆಯ ವಾರ ನಾದಿನಿಗೆ. ಮುರಿದ ಹಿಡಿ ಬಂತು, ಹೇಳದೆ ಕೇಳದೆ ತೆಗೆದುಕೊಂಡು ಹೋದ ಏಣಿ ಬಂತು, ನಾದಿನಿ ಹೊಲಿದುಕೊಟ್ಟ ಹಸಿರು ಅಂಗಿಯ ಕಂಕುಳು ಬಿಗಿಯಾದದ್ದೂ ಬಂತು. ಕಂಕುಳ ಬಿಗಿ ಎಂದರೆ ಎರಡು ಬಂಡೆಗಳ ನಡುವಿನ ಇಕ್ಕಟ್ಟು ದಾರಿ ಎಂದು ಮೇಷ್ಟ್ರು ಅಂಚಿನಲ್ಲಿ ಬರೆದುಕೊಂಡರು. ಎಂಟು ವಾರಕ್ಕೆ ಒಂಬತ್ತು ಚರಣ. "ಇಂಥ ಒರತೆ ಬತ್ತೋದೇ ಇಲ್ಲ" ಎಂದು ಅವರು ಹೋದಲ್ಲೆಲ್ಲ ಹೇಳಿಕೊಂಡು ಬಂದರು.

ನಿಜ ಹೇಳಬೇಕೆಂದರೆ ಅತ್ತೆಗೆ ಇದರ ರುಚಿ ಹತ್ತಿತ್ತು. ಮನೆಯಲ್ಲಿ ಒಬ್ಬಳೇ ಗೊಣಗಿದ್ದಕ್ಕೆ ಇಷ್ಟು ವರ್ಷ ಗೋಡೆಯೂ ಸೊಪ್ಪು ಹಾಕಿರಲಿಲ್ಲ. ಈಗ ಅದೇ ಗೊಣಗಾಟವನ್ನು ಹದಿನೆಂಟು ಜನ ಎದೆ ತುಂಬಿ ಹಾಡುವಾಗ, ಅದರಲ್ಲಿ ಬ್ಯಾಂಕಿನ ಮ್ಯಾನೇಜರೂ ಒಬ್ಬರು, ಅವಳ ತೋಳಿನ ಮೇಲೆ ಕೂದಲು ನಿಲ್ಲುತ್ತಿತ್ತು. ಎದುರು ಸಾಲಿನಲ್ಲಿ ನಾದಿನಿ ಕುತ್ತಿಗೆಯ ನರ ಉಬ್ಬಿಸಿ ಉತ್ತರ ಕೊಡುವಾಗ, ಇವಳ ಧ್ವನಿ ಇಷ್ಟು ಚೆನ್ನಾಗಿದೆಯೇ ಎಂದೂ ಅನಿಸುತ್ತಿತ್ತು.

ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಪುಸ್ತಿಕೆ ಅಚ್ಚಾಗಿ ಬಂತು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಇನ್ನೂರು ವರ್ಷಗಳಿಂದ ಗುಡ್ಡದ ಹೆಣ್ಣುಮಕ್ಕಳ ನಾಲಿಗೆಯ ಮೇಲೆ ಉಳಿದುಬಂದ ಗೀತೆ." ಅತ್ತೆ ಅದನ್ನು ಎರಡು ಸಲ ಓದಿದಳು. ತಮಾಷೆ ತಮಾಷೆಯಾಗಿ ಬಾಯಲ್ಲಿರುವಷ್ಟು ದಿನ ಪರವಾಗಿಲ್ಲ. ಅಚ್ಚಾದ ಮೇಲೆ ಅದು ಸುಳ್ಳು. ತನ್ನ ಪಕ್ಕದಲ್ಲಿ ಜರಡಿ ಹಿಡಿದು ಈಗ ಇಲ್ಲವಾದ ಹೆಂಗಸರ ನಾಲಿಗೆಯ ಮೇಲೆ ತಾನು ನಾದಿನಿಯ ಮೇಲಿನ ಸಿಟ್ಟನ್ನು ಕೂರಿಸಿದಂತಾಯಿತಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು. ಚಪ್ಪಲಿ ಮೆಟ್ಟಿಕೊಂಡು ನೇರ ಮೇಷ್ಟ್ರ ಕೋಣೆಗೆ ಹೋದಳು.

"ಮೇಷ್ಟ್ರೇ, ಪಾತ್ರೆ ಅಂದ್ರೆ ಪಾತ್ರೆನೇ."

ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ. ಪಾತ್ರೆ ಹೋದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮೇಷ್ಟ್ರ ಮುಖದಿಂದ ಬಣ್ಣ ಒಂದೊಂದೇ ಪದರವಾಗಿ ಇಳಿಯಿತು.

"ಕಂಕುಳೂ?" ಎಂದರು ಕೊನೆಗೆ.

"ಅದು ನನ್ನ ಅಂಗಿ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ಹಾಗಾದ್ರೆ ನಿಜವಾಗ್ಲೂ ಏನೂ ಹಾಡ್ತಿರ್ಲಿಲ್ವಾ?"

"ಬಾಯಿಗೆ ನಾಲ್ಕು ಮಡಿಕೆ ಬಟ್ಟೆ ಕಟ್ಟಿರ್ತಿದ್ವಿ ಮೇಷ್ಟ್ರೇ. ಬಿಚ್ಚಿದ್ರೆ ಬಾಯಿ ತುಂಬ ಧೂಳು. ನನ್ನ ಪಕ್ಕದ ಜರಡಿಯೋಳ ಧ್ವನಿ ಹೇಗಿದೆ ಅಂತ ನಾನು ಸರಿಯಾಗಿ ಕೇಳಿದ್ದೇ ಕ್ವಾರಿ ಮುಚ್ಚಿದ ಮೇಲೆ, ಸಂತೆ ಬೀದೀಲಿ. ಅಲ್ಲಿ ದೊಡ್ಡದಾಗಿ ಬಾಯಿ ಬಿಡ್ತಿದ್ದೋರು ಒಬ್ರೇ, ನಮ್ಮನೆಯವರು. ಮದ್ದು ಸಿಡಿಸೋಕೆ ಮುಂಚೆ ಮೂರು ಸಲ ಕೂಗ್ತಿದ್ರು. ಕೂಗು ಕೇಳಿದ್ರೆ ಎಲ್ಲಿದ್ರೂ ಅಲ್ಲೇ ಮರೆಗೆ ಬಿದ್ದು ಕಿವಿ ಮುಚ್ಕೋಬೇಕು."

ಮೇಷ್ಟ್ರು ಪುಸ್ತಿಕೆಯ ಮೊದಲ ಪುಟ ತೆರೆದರು. ಆಮೇಲೆ ಹೇಳಿದರು.

"ಹಾಡು ಬಿಡೋಕಾಗಲ್ಲ ಅತ್ತೆ. ಚೆನ್ನಾಗಿದೆ. ಸುಳ್ಳು ಬಿಡೋಣ. ಮತ್ತೆ ನಿಮ್ಮನೆಯವರನ್ನ ಕರ್ಕೊಂಡು ಬನ್ನಿ. ಆ ಕೂಗಿಂದಲೇ ಶುರು ಮಾಡೋಣ."

ಸುಳ್ಳು ಬಿಡುವುದೆಂದರೆ ಮುನ್ನೂರು ಪುಸ್ತಿಕೆಗಳಲ್ಲಿ ಆ ಸಾಲನ್ನು ಕೈಯಾರೆ ಹೊಡೆದುಹಾಕುವುದು. ನಾದಿನಿಯ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಉದ್ದ ಮೇಜಿನ ಸುತ್ತ ಅತ್ತೆ, ನಾದಿನಿ, ಗುಮಾಸ್ತರು ಸ್ಕೇಲು ಪೆನ್ನು ಹಿಡಿದು ಕೂತರು. ಮೇಲೆ "ಈ ಊರಿನ ಇಬ್ಬರು ಹೆಂಗಸರು ಕಟ್ಟಿದ ಹಾಡು" ಎಂದು ಬರೆಯಬೇಕೆಂದಾಯಿತು. ಗುಮಾಸ್ತರು ಮಾತ್ರ ಒಪ್ಪಲಿಲ್ಲ. "ನೀವು ಕಟ್ಟಿದ್ದೀರಿ ಅಂತ ನಿಮಗೆ ಅನಿಸ್ತಿದೆ. ನಮ್ಮಜ್ಜಿ ಅದಕ್ಕೆ ಮುಂಚೇನೇ ಹಾಡಿದಾರೆ" ಎನ್ನುತ್ತಲೇ ನೂರು ಪ್ರತಿ ತಿದ್ದಿಕೊಟ್ಟು ಎದ್ದು ಹೋದರು.

ಅವರು ಹೋದ ಮೇಲೆ ನಾದಿನಿ ಒಳಗೆ ಹೋಗಿ, ಬಟ್ಟೆಯ ಗಂಟುಗಳ ಹಿಂದಿನಿಂದ ಪಾತ್ರೆಯನ್ನು ಎಳೆದು ತಂದು ಮೇಜಿನ ಮೇಲೆ ಇಟ್ಟಳು. ಒಳಗೆಲ್ಲ ಕಡು ನೀಲಿ.

"ಮೊದಲ ದಿನವೇ ಹೀಗಾಯ್ತು. ಉಜ್ಜಿ ಉಜ್ಜಿ ಉಗುರು ಸವೆದು ಹೋಯ್ತು. ಇದನ್ನ ಯಾವ ಮುಖ ಇಟ್ಕೊಂಡು ತಂದುಕೊಡ್ಲಿ?"

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ನೀವು ಬೈತೀರಾ ಅಂತ."

"ಈಗ ಬೈಸಿಕೊಂಡಿಲ್ವಾ? ಹದಿನೆಂಟು ಜನರ ಕೈಲಿ ಬೈಸಿದೀನಿ."

ನಾದಿನಿಗೆ ಮೊದಲು ನಗು ಬಂತು. ಅತ್ತೆಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಅಂಗಿಯ ಅಳತೆ ಕೊಡಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, ಆಮೇಲೆ ಬಂದರಾಯಿತೆಂದು ತಿರುಗಿ ಹೋದ.

ಗಂಡನನ್ನು ಒಪ್ಪಿಸುವುದಕ್ಕೆ ಎರಡು ದಿನ ಹಿಡಿಯಿತು, ಅದರಲ್ಲಿ ಒಂದೂವರೆ ದಿನ ವಿಷಯ ಅರ್ಥ ಮಾಡಿಸುವುದಕ್ಕೆ. ಒಪ್ಪಿದ ಮೇಲೆ ಹಿತ್ತಲಲ್ಲಿ ಅಭ್ಯಾಸ ಮಾಡಿದ. ಪಕ್ಕದ ಮನೆಯ ಅಟ್ಟದಿಂದ ಎರಡು ಡಬ್ಬಿ ಬಿದ್ದವು. ಅವನಿಗೆ ಹಾರ್ಮೋನಿಯಂ ಕೇಳಿಸುವುದಿಲ್ಲವಾದ್ದರಿಂದ ಮೇಷ್ಟ್ರು ಒಂದು ಗುರುತು ಗೊತ್ತುಮಾಡಿದರು. ಭಾಷಣ ಮುಗಿದ ಮೇಲೆ ತಾವು ಕೆಂಪು ಬಟ್ಟೆ ಎತ್ತುವುದು, ಎತ್ತಿದ ಕೂಡಲೇ ಮೂರು ಕೂಗು.

ಕಾರ್ಯಕ್ರಮದ ದಿನ ಇಳಿಬಿಸಿಲು ಗಣಿಯ ಗೋಡೆಗೆ ಬಿದ್ದು ಬಂಡೆಯೆಲ್ಲ ಹಳದಿಯಾಗಿತ್ತು. ಮುನ್ನೂರು ಕುರ್ಚಿಗಳೂ ತುಂಬಿದ್ದವು. ಮುಂದಿನ ಐದು ಸಾಲು ಹಳೆಯ ಕೆಲಸಗಾರರಿಗೆ. ಗಂಡ ಬಂಡೆಯ ಬುಡದಲ್ಲಿ, ಮೂವತ್ತು ವರ್ಷ ನಿಂತ ಜಾಗದಲ್ಲೇ ನಿಂತಿದ್ದ. ನಗರಸಭೆಯ ಅಧ್ಯಕ್ಷೆ ಮಾತು ಶುರು ಮಾಡಿದರು. "ಪರಂಪರೆ" ಎಂಬ ಮಾತು ಹನ್ನೊಂದನೆಯ ಸಲ ಬರುವ ಹೊತ್ತಿಗೆ ಅವರಿಗೆ ಸೆಕೆಯಾಯಿತು. ಚೀಲದಿಂದ ಕರವಸ್ತ್ರ ತೆಗೆದು ಕೊಡವಿ ಮುಖ ಒರೆಸಿಕೊಂಡರು.

ಕರವಸ್ತ್ರ ಕೆಂಪಗಿತ್ತು.

"ಮದ್ದೂ... ಮದ್ದೂ... ದೂರಾ..."

ಕೂಗು ಎದುರು ಬಂಡೆಗೆ ಬಡಿದು, ಪಕ್ಕದ ಬಂಡೆಗೆ ಬಡಿದು, ತಿರುಗಿ ಬಂತು. ಎರಡನೆಯ ಕೂಗಿಗೆ ಮುಂದಿನ ಐದು ಸಾಲು ಖಾಲಿ. ಮೊಣಕಾಲು ನೋವೆಂದು ಮೆಟ್ಟಿಲಿಳಿಯಲು ಮೊಮ್ಮಕ್ಕಳ ಕೈ ಹಿಡಿದು ಬಂದಿದ್ದ ಮುದುಕರು ಕಣ್ಣು ಮಿಟುಕಿಸುವಷ್ಟರಲ್ಲಿ ಕುರ್ಚಿಗಳ ಹಿಂದೆ ಮುದುಡಿ ಕಿವಿ ಮುಚ್ಚಿಕೊಂಡಿದ್ದರು. ಗುಮಾಸ್ತರು ತಂಡದ ಸಾಲಿನಿಂದ ಹಾರಿ, ಅಧ್ಯಕ್ಷೆಯ ತೋಳು ಹಿಡಿದು ಮೇಜಿನ ಅಡಿಗೆ ಎಳೆದುಕೊಂಡು, "ತಲೆ ಒಳಗೆ ಹಾಕಿ ಮೇಡಂ" ಎಂದದ್ದು ಬಿದ್ದ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಗಣಿ ಕಂಡಿರದ ಹೊಸಬರು, ಏನೂ ತಿಳಿಯದೆ, ನೋಡಿ ನೋಡಿ ತಾವೂ ಬಗ್ಗಿದರು. ಮೂರನೆಯ ಕೂಗು ಮುಗಿಯಿತು. ಗಣಿಯೊಳಗೆ ಉಸಿರಿನ ಸದ್ದೂ ಇಲ್ಲ. ಅಷ್ಟು ಜನ ಸಿಡಿತಕ್ಕೆ ಕಾಯುತ್ತಿದ್ದರು.

ಅತ್ತೆಗೆ ಅರಿವು ಬಂದಾಗ ತಾನು ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾದಿನಿಯ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದಿದ್ದಳು. ಯಾವಾಗ ಹಿಡಿದಳೋ ತಿಳಿಯದು. ನಿಂತಿದ್ದವರು ಮೇಷ್ಟ್ರು ಒಬ್ಬರೇ, ಮುಖದಲ್ಲಿ ರಕ್ತವಿಲ್ಲ, ಎತ್ತಬೇಕಾದ ಬಟ್ಟೆ ಜೇಬಿನಲ್ಲೇ ಇತ್ತು. ಇನ್ನು ಒಬ್ಬ ಕಿಸಕ್ಕೆಂದರೆ ಇಡೀ ಕಾರ್ಯಕ್ರಮ ನಗೆಪಾಟಲು ಎಂದು ಅವಳಿಗೆ ಹೊಳೆಯಿತು.

"ಅತ್ತಿಗೆ," ಎದೆಯ ಹತ್ತಿರದಿಂದ ನಾದಿನಿಯ ಪಿಸುಮಾತು ಬಂತು, "ಶುರು ಮಾಡಿ."

"ಹೀಗೇನಾ?"

"ಹೀಗೇ. ಮೊದಲು ನನ್ನ ಮೂಗು ಬಿಡಿ."

ಅತ್ತೆ ಕೂತಲ್ಲೇ "ಕೊಟ್ಟೆನಲ್ಲ" ಎಂದಳು. ಅಂಥ ದೊಡ್ಡ ಧ್ವನಿಯೇನಲ್ಲ ಅವಳದ್ದು. ಬಂಡೆ ಅದನ್ನು ಎತ್ತಿಕೊಂಡು ದೊಡ್ಡದು ಮಾಡಿ ಕೊಟ್ಟಿತು. ಎರಡನೆಯ ಸಾಲಿಗೆ ಅಲ್ಲಲ್ಲಿ ಬಗ್ಗಿದ್ದ ಅವಳ ಕಡೆಯ ಹದಿನೆಂಟು ಜನ, ಬಗ್ಗಿದ ಹಾಗೆಯೇ ಸೇರಿಕೊಂಡರು. ನಾದಿನಿಯ ಕಡೆಯವರು ಆ ಬದಿಯಿಂದ ಉತ್ತರ ಕೊಟ್ಟರು. ಕುರ್ಚಿಗಳ ಹಿಂದಿನಿಂದ ತಲೆಗಳು ಒಂದೊಂದಾಗಿ ಮೇಲೆ ಬಂದವು. ಬಿಗಿ ಕಂಕುಳಿನ ಚರಣಕ್ಕೆ ಮುಂದಿನ ಸಾಲಿನ ಹೆಂಗಸೊಬ್ಬಳು ಗೊಳ್ಳೆಂದು ನಕ್ಕಳು. ಅವಳ ಪಕ್ಕದವಳು, ಅತ್ತೆಯ ಹಳೆಯ ಜೊತೆಯ ಜರಡಿಯವಳು, ಕಣ್ಣೊರೆಸಿಕೊಳ್ಳುತ್ತಿದ್ದಳು. ಮೇಜಿನ ಅಡಿಯಿಂದ ಮಾತ್ರ ಒಂದು ಗಟ್ಟಿ ಧ್ವನಿ ಕೊನೆಯವರೆಗೂ "ಇತ್ತೆನಲ್ಲ" ಎಂದೇ ಹಾಡಿತು.

ಮುಗಿದ ಮೇಲೆ ಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು. ಅಧ್ಯಕ್ಷೆ ಮೊಣಕೈಯ ಧೂಳು ಕೊಡವುತ್ತ ಬಂದು ಮೇಷ್ಟ್ರ ಕೈ ಕುಲುಕಿದರು.

"ಆ ಶುರು ಇತ್ತಲ್ಲ, ಅದ್ಭುತ. ಎಲ್ಲರನ್ನೂ ಕೂರಿಸಿಬಿಟ್ರಿ. ಯಾರ ಯೋಚನೆ ಅದು?"

ಮೇಷ್ಟ್ರು ಜೇಬಿನ ಕೆಂಪು ಬಟ್ಟೆಯನ್ನು ಇನ್ನೂ ಒಳಕ್ಕೆ ತಳ್ಳಿದರು. "ಪರಂಪರೆ ಮೇಡಂ" ಎಂದರು.

ಅತ್ತೆ ಗಂಡನನ್ನು ಹುಡುಕಿಕೊಂಡು ಬಂಡೆಯ ಬುಡಕ್ಕೆ ಹೋದಳು. ಅವನು ಒಂದು ದೊಡ್ಡ ಕಲ್ಲಿನ ಹಿಂದೆ, ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕೂತಿದ್ದ. ಭುಜ ತಟ್ಟಿದ ಮೇಲೆ ತಲೆಯೆತ್ತಿದ.

"ಮುಗೀತಾ?"

"ಎಲ್ಲಾ ಮುಗೀತು. ಅರ್ಧ ಗಂಟೆ ಇಲ್ಲೇ ಕೂತಿದ್ರಾ?"

"ಕೂಗಿದೋನು ಎದ್ದು ನಿಂತ್ರೆ ಮಿಕ್ಕೋರೂ ಎದ್ದುಬಿಡ್ತಾರೆ. ಅದಕ್ಕೆ ಎದ್ದಿಲ್ಲ." ಈಗ ಎದ್ದು ನಿಂತು ಕೇಳಿದ, "ಹಾಡು ಹೇಗಿತ್ತು?"

ಅಷ್ಟು ವಾರದಿಂದ ಕಟ್ಟಿದ್ದನ್ನು ಇವನೊಬ್ಬ ಕೇಳಿಸಿಕೊಳ್ಳಲೇ ಇಲ್ಲವಲ್ಲ ಎನಿಸಿತು ಅವಳಿಗೆ. ಅವನ ಕೈ ಹಿಡಿದು ಕರೆತಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತು, ಅವನ ಎಡಗಿವಿಗೆ ಬಾಯಿಟ್ಟು ಮೊದಲಿನಿಂದ ಶುರು ಮಾಡಿದಳು. ಮೂರನೆಯ ಚರಣ ಮುಗಿಯುವಾಗ ಬಾಡಿಗೆ ಕುರ್ಚಿಯವನು ಮಿಕ್ಕ ಕುರ್ಚಿಗಳನ್ನೆಲ್ಲ ಲಾರಿಗೆ ತುಂಬಿ, ಕೊನೆಯ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಇವರಿಬ್ಬರ ಮುಂದೆ ಬಂದು ನಿಂತ.

"ಇನ್ನೆಷ್ಟಿದೆ ಅಮ್ಮ?"

"ಆರು ಚರಣ."

ಅವನು ಲಾರಿಯ ಕಡೆ ನೋಡಿದ. ಆಮೇಲೆ ಕೈಯಲ್ಲಿದ್ದ ಕುರ್ಚಿಯನ್ನು ಬಿಡಿಸಿ ಕೆಳಗಿಟ್ಟು ಅದರ ಮೇಲೆ ಕೂತ.